ರೇಡಿಯೋ ಪೆಟ್ಟಿಗೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಡೆದ ಕೆರೆಯ ಏರಿಯನ್ನು ಕಟ್ಟಿಸಿದವರು, ಕುಸಿದ ಬಸದಿಯನ್ನು ಎತ್ತಿಸಿದವರು, ಬಿರಿದ ಗುಡಿಯ ಗೋಡೆಯನ್ನು ಸರಿಪಡಿಸಿದವರು ತಾವು ಮಾಡಿದ ಕೆಲಸವನ್ನು ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸಿದರು. ಪುಣ್ಯದ ಆಸೆ ಅದರಲ್ಲಿ ಇದ್ದಿರಬಹುದು. ಆದರೆ ಹಳೆಯದು ಯಾವುದು, ಹೊಸದು ಯಾವುದು, ಕೈ ಹಚ್ಚಿದವರು ಯಾರು ಎಂಬುದು ಮುಂದಿನವರಿಗೆ ಅದರಿಂದಲೇ ತಿಳಿಯುವಂತಾಯಿತು.

ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಕಿತ್ತಯ್ಯನೆಂಬ ವೀರನ ಹೆಸರುಳ್ಳ ಆ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದನ್ನು ಯಾರಾದರೂ ಒಡೆದು ತಳಪಾಯಕ್ಕೆ ಹಾಕಿದ್ದರೆ ಹೆಬ್ಬಾಳದ ಚರಿತ್ರೆಯಲ್ಲಿ ಒಂದು ಹಾಳೆಯೇ ಹರಿದುಹೋಗುತ್ತಿತ್ತು. ಕಲ್ಲಿಗೆ ಸಲ್ಲುವ ಈ ಮಾತು ಮರಕ್ಕೂ ತಂತಿಗೂ ಸಲ್ಲುತ್ತದೆ. ನಮ್ಮ ಮನೆಗಳ ಅಟ್ಟದಲ್ಲಿ ಗೋಣಿ ಹೊದ್ದು ಕುಳಿತಿರುವ ಹಳೆಯ ವಾಲ್ವು ರೇಡಿಯೋ ಕೂಡ ಒಂದು ಶಾಸನವೇ. ಅದನ್ನು ಓದಬಲ್ಲವರು ಕಡಮೆಯಾಗುತ್ತಿದ್ದಾರೆ, ಅಷ್ಟೆ.

ಈಗ ಈ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಎರಡು ಗತಿ. ಒಂದು, ಗುಜರಿ ಅಂಗಡಿ. ಇನ್ನೊಂದು, ನೋಡುವುದಕ್ಕೆ ಗೌರವವಾಗಿಯೇ ಕಾಣುವ ಗತಿ: ಒಳಗಿನದನ್ನೆಲ್ಲ ಕಿತ್ತೆಸೆದು, ಮರಕ್ಕೆ ಹೊಳಪು ಕೊಟ್ಟು, ಬ್ಲೂಟೂತ್ ಧ್ವನಿವರ್ಧಕವೊಂದನ್ನು ಕೂರಿಸಿ ನಡುಮನೆಯಲ್ಲಿ ಇಡುವುದು. ಪೆಟ್ಟಿಗೆ ಉಳಿಯಿತೆಂದು ಮನೆಯವರು ಸಂತೋಷಪಡುತ್ತಾರೆ. ಉಳಿದದ್ದು ತೊಗಲು ಮಾತ್ರ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವ ತರುಣರು ಕಿತ್ತೆಸೆಯುವ ಮೊದಲು ಒಳಗೆ ಏನಿದೆಯೆಂದು ತಿಳಿಯುವುದು ಒಳ್ಳೆಯದು.

ಕನ್ನಡ ನಾಡಿನಲ್ಲಿ ಬಾನುಲಿಯ ಕಥೆ ಒಬ್ಬ ಅಧ್ಯಾಪಕರ ಮನೆಯಿಂದ ಆರಂಭವಾಗುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಪ್ರೇಷಕದಿಂದ ಪ್ರಸಾರ ಪ್ರಾರಂಭಿಸಿದರು. ಇಂದು ಒಂದು ಕೋಣೆಯ ದೀಪಕ್ಕೆ ಅದಕ್ಕಿಂತ ಹೆಚ್ಚು ಶಕ್ತಿ ಬಳಸುವವರುಂಟು. ಆ ಪುಟ್ಟ ಕೇಂದ್ರಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತಾಳಿತು. ಕೇಂದ್ರವು ಕೆಲಕಾಲ ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದು, 1950ರಲ್ಲಿ ಅಖಿಲ ಭಾರತ ಜಾಲವನ್ನು ಸೇರಿತು. ಬೆಂಗಳೂರು ಕೇಂದ್ರ 1955ರ ನವೆಂಬರ್ 2ರಂದು ಆರಂಭವಾಯಿತು.

ಆ ಕಾಲದಲ್ಲಿ ರೇಡಿಯೋ ಕೊಳ್ಳುವುದು ಮನೆಗೆ ಹಸು ತಂದಷ್ಟೇ ದೊಡ್ಡ ಸಂಗತಿ. ಸರ್ಕಾರದ ಪರವಾನಗಿ ಬೇಕು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಹಣ ಕಟ್ಟಬೇಕು. ಅದು ಬಹುಕಾಲ 15 ರೂಪಾಯಿ ಇತ್ತು. ಕಟ್ಟಿದ್ದಕ್ಕೆ ಗುರುತಾಗಿ ಒಂದು ಸಣ್ಣ ಪುಸ್ತಕದಲ್ಲಿ ಅಂಚೆಯ ಮುದ್ರೆ ಬೀಳುತ್ತಿತ್ತು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು. ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಜೊತೆಗೆ ಆ ಪುಸ್ತಕವೂ ಸಿಕ್ಕಿದರೆ ಬಿಸಾಡಬಾರದು. ಆ ಮನೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಬಾನುಲಿ ಕೇಳಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಇನ್ನೊಂದಿಲ್ಲ.

ಇನ್ನು ಪೆಟ್ಟಿಗೆಯ ಒಳಗಿನ ಚರಿತ್ರೆ. ಇದರ ಮುಖ್ಯವಾದ ಒಂದು ಅಧ್ಯಾಯ ನಡೆದದ್ದು ಯಶವಂತಪುರದ ಆಚೆಗಿನ ಜಾಲಹಳ್ಳಿಯಲ್ಲಿ. ಭಾರತ ಸರ್ಕಾರದ ರಕ್ಷಣಾ ಇಲಾಖೆಯ ಅಧೀನದಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹುಟ್ಟಿತು. 1956ರಲ್ಲಿ ಅಲ್ಲಿ ಸಂಪರ್ಕ ಸಾಧನಗಳ ತಯಾರಿಕೆ ಪ್ರಾರಂಭವಾಯಿತು. 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಗಳು ಅಲ್ಲಿಂದ ಹೊರಬಂದವು. ಇಂದು ಬಿ.ಇ.ಎಲ್. ವೃತ್ತದಲ್ಲಿ ದಿನವೂ ಬಸ್ಸು ಹಿಡಿಯುವ ಸಾವಿರಾರು ಮಂದಿಗೆ ಆ ಮೂರಕ್ಷರ ಒಂದು ನಿಲ್ದಾಣದ ಹೆಸರು. ಹಳೆಯ ರೇಡಿಯೋ ಬಿಚ್ಚಿದವನಿಗೆ ಅದೇ ಮೂರಕ್ಷರ ಗಾಜಿನ ವಾಲ್ವಿನ ಮೈಮೇಲೆ ಕಾಣಸಿಗಬಹುದು.

ಮೇಲಿನ ಎರಡು ವರ್ಷಗಳನ್ನು ಇನ್ನೊಮ್ಮೆ ನೋಡಬೇಕು. 1961ರಲ್ಲಿ ವಾಲ್ವು, 1962ರಲ್ಲಿ ಅರೆವಾಹಕ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಆ ಹೊತ್ತಿಗೆ ಲೋಕದಲ್ಲೆಲ್ಲ ವಾಲ್ವಿನ ಸ್ಥಾನವನ್ನು ಕಿತ್ತುಕೊಳ್ಳುತ್ತಿತ್ತು. ಫ್ಲೆಮಿಂಗ್ 1904ರಲ್ಲಿ ಕಂಡುಹಿಡಿದ ವಾಲ್ವನ್ನು ನಮ್ಮವರು ಕೈವಶ ಮಾಡಿಕೊಂಡ ಮರುವರ್ಷವೇ ಅದನ್ನು ಮುಗಿಸುವ ವಸ್ತುವನ್ನೂ ಅದೇ ಊರಿನಲ್ಲಿ ಮಾಡತೊಡಗಿದರು. ಬೇರೆ ದೇಶಗಳು ಅರ್ಧ ಶತಮಾನದಲ್ಲಿ ನಡೆದ ದಾರಿಯನ್ನು ಜಾಲಹಳ್ಳಿ ಒಂದೆರಡು ಹೆಜ್ಜೆಯಲ್ಲಿ ದಾಟಬೇಕಾಯಿತು. ಆದ್ದರಿಂದಲೇ ಸ್ವದೇಶೀ ವಾಲ್ವುಗಳಿರುವ ಪೆಟ್ಟಿಗೆಯೆಂದರೆ ಬಹಳ ಚಿಕ್ಕದೊಂದು ಕಾಲದ ಕುರುಹು.

ವಾಲ್ವುಗಳ ಹೆಸರನ್ನು ಓದುವುದು ಪಂಡಿತರಿಗೂ ಪ್ರಿಯವಾಗಬಲ್ಲ ವ್ಯಾಕರಣ. ‘ಇಸಿಎಚ್ 81’ ಎಂಬುದನ್ನು ಸಮಾಸದಂತೆ ಬಿಡಿಸಬಹುದು. ‘ಇ’ ಎಂದರೆ ಅದರ ತಂತು 6.3 ವೋಲ್ಟಿನಲ್ಲಿ ಕಾಯುತ್ತದೆ. ‘ಸಿ’ ಎಂದರೆ ಟ್ರಯೋಡು. ‘ಎಚ್’ ಎಂದರೆ ಹಲವು ಜಾಲರಿಗಳುಳ್ಳ ಇನ್ನೊಂದು ಭಾಗ. ಒಂದೇ ಗಾಜಿನೊಳಗೆ ಎರಡು ವಾಲ್ವು. ಆಕಾಶದಿಂದ ಬಂದ ಅಲೆಯನ್ನು ಪೆಟ್ಟಿಗೆಯೇ ಹುಟ್ಟಿಸಿದ ಅಲೆಯೊಂದಿಗೆ ಬೆರೆಸಿ, ಸುಮಾರು 455 ಕಿಲೋಸೈಕಲ್ಲಿನ ಮಧ್ಯಮ ಕಂಪನಕ್ಕೆ ಇಳಿಸುವುದು ಅದರ ಕೆಲಸ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕನ್ ತಜ್ಞ ರೂಪಿಸಿದ ಉಪಾಯವಿದು. ಹಾಗೆಯೇ ‘ಇಎಲ್ 84’ ಧ್ವನಿವರ್ಧಕವನ್ನು ನಡೆಸುವ ವಾಲ್ವು; ‘ಇಜಡ್ 80’ ಹೋಗಿಬರುವ ವಿದ್ಯುತ್ತನ್ನು ಏಕಮುಖ ಮಾಡುವುದು. ಹೆಸರಿನ ಮೊದಲಕ್ಷರ ‘ಯು’ ಆಗಿದ್ದರೆ ಹೊಸಬನು ಹುಷಾರಾಗಬೇಕು. ಅವು ಸಾಲಾಗಿ ಪೋಣಿಸಿದ ತಂತುಗಳ ವಾಲ್ವುಗಳು. ಅಂಥ ಪೆಟ್ಟಿಗೆಯಲ್ಲಿ ಅನೇಕ ವೇಳೆ ಮನೆಯ ವಿದ್ಯುತ್ತಿಗೂ ಒಳಗಿನ ತಗಡಿನ ಚೌಕಟ್ಟಿಗೂ ನಡುವೆ ತಡೆಯಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ; ತಗಡನ್ನು ಮುಟ್ಟಿದರೆ 230 ವೋಲ್ಟನ್ನೇ ಮುಟ್ಟಿದಂತಾಗಬಹುದು. ಒಂದಕ್ಷರದ ವ್ಯತ್ಯಾಸದಿಂದ ಅರ್ಥ ಕೆಡುವುದನ್ನು ಪಾಠಶಾಲೆಯಲ್ಲಿ ಕಲಿಯುತ್ತೇವೆ. ಇಲ್ಲಿ ಪ್ರಾಣವೇ ಹೋದೀತು.

ಗಾಜಿನ ಡಯಲಿನಲ್ಲಿಯೂ ಚರಿತ್ರೆ ಇದೆ. ಪೆಟ್ಟಿಗೆ ಸರಿಹೋದ ಮೇಲೂ ಮಧ್ಯಮ ತರಂಗದ ಕೇಂದ್ರಗಳು ಹಳೆಯ ಗುರುತಿನಿಂದ ಕೂದಲೆಳೆಯಷ್ಟು ಆಚೀಚೆ ಬರುವುದುಂಟು. ಅದು ಯಂತ್ರದ ದೋಷವೆಂದು ಹೊಸಬನು ತಿರುಪುಗಳನ್ನು ತಿರುಗಿಸಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾನೆ. ಜಿನೀವಾದಲ್ಲಿ 1975ರಲ್ಲಿ ಆದ ಒಪ್ಪಂದದಂತೆ 1978ರ ನವೆಂಬರ್ 23ರಿಂದ ಏಷ್ಯದ ಮಧ್ಯಮ ತರಂಗದ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದ ಹೊಸ ಮನೆಗಳಿಗೆ ಸರಿದವು. ಬೆಂಗಳೂರಿನ 612 ಎಂಬ ಅಂಕಿಯನ್ನು 9ರಿಂದ ಭಾಗಿಸಿದರೆ 68 ಬರುತ್ತದೆ, ಶೇಷವಿಲ್ಲ. ಡಯಲು ತಪ್ಪು ಹೇಳುತ್ತಿಲ್ಲ. ಅದು 1978ಕ್ಕೆ ಮುಂಚಿನ ಲೋಕವನ್ನು ಹೇಳುತ್ತಿದೆ.

ಹೀಗಿರಲು, ಹೊಸಬನು ಜೀರ್ಣೋದ್ಧಾರವನ್ನು ಎಲ್ಲಿಂದ ಆರಂಭಿಸಬೇಕು? ಮೊದಲ ನಿಯಮ ಮಾಡಬಾರದ್ದನ್ನು ಕುರಿತದ್ದು. ಹತ್ತಾರು ವರ್ಷ ಸುಮ್ಮನಿದ್ದ ಪೆಟ್ಟಿಗೆಯನ್ನು ‘ಹಾಡೀತೋ ನೋಡೋಣ’ ಎಂದು ಗೋಡೆಯ ಪ್ಲಗ್ಗಿಗೆ ಹಾಕಬಾರದು. ಒಳಗಿನ ರಬ್ಬರ್ ಹೊದಿಕೆಯ ತಂತಿಗಳು ಒಣಗಿ ಪುಡಿಯಾಗಿರುತ್ತವೆ. ಇಲಿ ಜಿರಲೆಗಳು ಸಂಸಾರ ಹೂಡಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಮೇಣದ ಕಾಗದದಿಂದ ಸುತ್ತಿದ ಹಳೆಯ ಕೆಪಾಸಿಟರುಗಳು ತೇವ ಹೀರಿ ಸೋರತೊಡಗಿರುತ್ತವೆ. ಅವುಗಳಲ್ಲಿ ಒಂದು ಧ್ವನಿವರ್ಧಕವನ್ನು ನಡೆಸುವ ವಾಲ್ವಿನ ಬಾಗಿಲಲ್ಲಿ ಕಾವಲಿರುತ್ತದೆ. ಅದು ಸೋರಿದರೆ ಆ ವಾಲ್ವಿನಲ್ಲಿ ಮಿತಿಮೀರಿದ ವಿದ್ಯುತ್ತು ಹರಿದು, ವಾಲ್ವೂ ಅದರ ಹಿಂದಿನ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗುತ್ತವೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಒಂದು ಬಿಡಿಭಾಗವನ್ನು ಮೊದಲೇ ಬದಲಿಸದೆ, ಈಗ ಸುಲಭವಾಗಿ ದೊರೆಯದ ಭಾಗವನ್ನು ಕಳೆದುಕೊಂಡಂತಾಗುತ್ತದೆ.

ಎರಡನೆಯ ನಿಯಮ: ಒಂದನ್ನು ಬಿಚ್ಚು, ಒಂದನ್ನು ಹಾಕು. ತಂತಿಗಳನ್ನೆಲ್ಲ ಒಮ್ಮೆಗೇ ಕತ್ತರಿಸಿ ಆಮೇಲೆ ಜೋಡಿಸುವೆನೆಂದವನು ಗರಿಗಳ ಕಟ್ಟು ಬಿಚ್ಚಿ ಗಾಳಿಗೆ ಹಿಡಿದಂತೆ. ಬಿಚ್ಚುವ ಮೊದಲು ಎಲ್ಲ ಮಗ್ಗುಲುಗಳಿಂದ ಚಿತ್ರ ತೆಗೆದುಕೊಳ್ಳಬೇಕು. ಹಳೆಯ ತಂತಿಯ ಬಣ್ಣವನ್ನೇ ಹೊಸ ತಂತಿಗೂ ಆರಿಸಬೇಕು. ಬೆಸುಗೆಗೆ ರಾಳದ ಸಾಲ್ಡರನ್ನೇ ಬಳಸಬೇಕು. ಆಮ್ಲ ಹಚ್ಚಿದರೆ ಕೆಲವು ವರ್ಷಗಳಲ್ಲಿ ತಂತಿ ತಿಂದುಹೋಗುತ್ತದೆ. ವಾಲ್ವುಗಳನ್ನು ಅನುಮಾನಿಸುವುದು ಕಟ್ಟಕಡೆಗೆ. ಅವು ನಾವೆಣಿಸುವುದಕ್ಕಿಂತ ದೀರ್ಘಾಯುಗಳು. ಗಾಜಿನ ತಲೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪವು ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ಒಳಗೆ ಗಾಳಿ ಹೊಕ್ಕಿದೆಯೆಂದು ತಿಳಿಯಬೇಕು.

ಮೂರನೆಯದು, ಮೊದಲ ಬಾರಿ ವಿದ್ಯುತ್ತು ಕೊಡುವ ಕ್ರಮ. ಹಳೆಯ ಮೆಕ್ಯಾನಿಕ್ಕರು ‘ಸೀರೀಸ್ ಬೋರ್ಡ್’ ಇಟ್ಟುಕೊಂಡಿರುತ್ತಿದ್ದರು. ತಂತು ಉರಿಯುವ ಹಳೆಯ ಬಗೆಯ ಬಲ್ಬೊಂದನ್ನು ದಾರಿಯಲ್ಲಿ ಕೂರಿಸಿ, ಅದರ ಮೂಲಕವೇ ರೇಡಿಯೋಗೆ ವಿದ್ಯುತ್ತು ಹರಿಸುವ ಹಲಗೆ ಅದು. ಒಳಗೆ ದೋಷವಿದ್ದರೆ ಬಲ್ಬು ಪೂರ್ಣ ಉರಿದು ಪೆಟ್ಟಿಗೆ ಉಳಿಯುತ್ತದೆ. ಸರಿಯಿದ್ದರೆ ಬಲ್ಬು ಮಂಕಾಗಿ ಉಳಿದು ಪೆಟ್ಟಿಗೆ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಈ ಹಂತದಲ್ಲಿ ಒಳಗೆ ಸುಮಾರು 250 ವೋಲ್ಟಿನ ಏಕಮುಖ ವಿದ್ಯುತ್ತು ಇರುವುದುಂಟು. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಹೊಂಚುಹಾಕಿ ಕುಳಿತಿರುತ್ತದೆ. ಆದ್ದರಿಂದ ಹೈಸ್ಕೂಲಿನ ಹುಡುಗರು ಒಂಟಿಯಾಗಿ ಈ ಕೆಲಸ ಮಾಡುವುದು ಸಲ್ಲದು, ತಿಳಿದವರೊಬ್ಬರು ಪಕ್ಕದಲ್ಲಿರಲೇಬೇಕು.

ಇಷ್ಟೆಲ್ಲ ಬದಲಿಸಿದ ಮೇಲೆ ಅದು ಹಳೆಯ ರೇಡಿಯೋ ಎನಿಸೀತೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನಮ್ಮ ಗ್ರಂಥ ಸಂಪಾದನೆಯ ಪರಂಪರೆಯಲ್ಲಿ ಉತ್ತರವಿದೆ. ತಾಳೆಗರಿಯಲ್ಲಿ ಒಂದು ಪದವನ್ನು ಹುಳು ತಿಂದಿದ್ದರೆ ಸಂಪಾದಕನು ಅರ್ಥವಾಗುವಂತೆ ತುಂಬುತ್ತಾನೆ. ಆದರೆ ತಾನು ತುಂಬಿದ್ದೆಂದು ಗುರುತು ಹಾಕುತ್ತಾನೆ, ಪ್ರತಿಯಲ್ಲಿದ್ದ ಪಾಠವನ್ನು ಅಡಿಯಲ್ಲಿ ಕೊಡುತ್ತಾನೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಗರಿಗಳನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅವರು ಹಳೆಯ ಕಟ್ಟಿನ ಹಲಗೆಗಳನ್ನು ಮಾತ್ರ ಉಳಿಸಿಕೊಂಡು ಗರಿಗಳನ್ನು ಒಲೆಗೆ ಹಾಕಿದ್ದರೆ ಏನಾಗುತ್ತಿತ್ತು? ಒಳಗಿನದನ್ನು ಕಿತ್ತು ಬ್ಲೂಟೂತ್ ಕೂರಿಸುವುದು ಅಂಥ ಕೆಲಸ. ಹೊಸ ಕೆಪಾಸಿಟರು ಹಾಕುವುದಾದರೋ ಸಂಪಾದಕನ ಕೆಲಸ. ಗುರುತು ಉಳಿಸುವ ಕರ್ತವ್ಯವೂ ಅದರ ಜೊತೆಗೇ ಬರುತ್ತದೆ.

ಈ ಪ್ರಶ್ನೆ ರೇಡಿಯೋಗೆ ಮಾತ್ರ ಸೇರಿದ್ದಲ್ಲ. ನಾಣ್ಯ ಹಾಕಿ ಆಡುವ ವಿದ್ಯುನ್ಮಾನ ಆಟದ ಪೆಟ್ಟಿಗೆಗಳು ಪಶ್ಚಿಮದಲ್ಲಿ ಈಗ ಪ್ರಾಚೀನ ವಸ್ತುಗಳ ಸಾಲಿಗೆ ಸೇರಿವೆ. ಅಮೆರಿಕದ ‘ಪಾಂಗ್’ 1972ರದು. ಜಪಾನಿನ ‘ಪ್ಯಾಕ್‌ಮ್ಯಾನ್’ 1980ರದು. ಆಳೆತ್ತರದ ಆ ಮರದ ಪೆಟ್ಟಿಗೆಗಳನ್ನು ಬಿಚ್ಚಿ ಹೊಸದಾಗಿ ತಂತಿ ಎಳೆಯುವ ಹವ್ಯಾಸಿಗಳು ಅಲ್ಲಿ ಅನೇಕರು. ಅಲ್ಲಿಯೂ ಎರಡು ಪಂಗಡ: ಹಳೆಯ ಚಿತ್ರನಳಿಗೆಯನ್ನೂ ಮೂಲ ಫಲಕವನ್ನೂ ಉಳಿಸಿ ದುರಸ್ತು ಮಾಡುವವರು, ಒಳಗನ್ನು ಬರಿದು ಮಾಡಿ ಸಣ್ಣ ಗಣಕಯಂತ್ರವನ್ನು ತುರುಕುವವರು. ಅಪಾಯವೂ ಹಾಗೆಯೇ, ಬಣ್ಣದ ಚಿತ್ರನಳಿಗೆಯಲ್ಲಿ ಸುಮಾರು 20,000 ವೋಲ್ಟು ಇರುತ್ತದೆ. ಕಾಲ ಬೇರೆ, ಆಟ ಬೇರೆ, ವಿವೇಕ ಒಂದೇ.

ಮೈಸೂರಿನ 30 ವಾಟಿನ ಪ್ರೇಷಕದಿಂದ ಹೊರಟ ನಾಡು 1990ರ ದಶಕದಲ್ಲಿ ಯಲಹಂಕದ ಬಳಿ ಒಂದೊಂದೂ 500 ಕಿಲೋವಾಟ್ ಶಕ್ತಿಯ ಶಾರ್ಟ್‌ವೇವ್ ಪ್ರೇಷಕಗಳನ್ನು ನಿಲ್ಲಿಸಿತು. ಪ್ರೇಷಕಗಳ ಚರಿತ್ರೆ ಕಡತಗಳಲ್ಲಿ ಉಳಿಯುತ್ತದೆ. ಕೇಳಿದ ಮನೆಗಳ ಚರಿತ್ರೆ ಉಳಿಯುವುದು ಈ ಪೆಟ್ಟಿಗೆಗಳಲ್ಲಿ ಮಾತ್ರ. ಆದ್ದರಿಂದ ಅದನ್ನು ದುರಸ್ತು ಮಾಡುವವರು ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಬೇಕು. ತೆಗೆದ ಹಳೆಯ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಏನೇನು ಬದಲಿಸಿತು, ಯಾವ ವರ್ಷ, ಯಾರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಪೆಟ್ಟಿಗೆಯೊಳಗೆ ಬಿಸಿ ತಾಗದ ಮೂಲೆಯಲ್ಲಿ ಅಂಟಿಸಿಡಬೇಕು. ಇನ್ನೈವತ್ತು ವರ್ಷದ ಮೇಲೆ ಹಿಂಬದಿಯ ಹಲಗೆ ತೆಗೆಯುವವರಿಗೆ ಆ ಚೀಟಿಯೇ ಶಾಸನ.