ಎನ್‌ಐಸಿಯು ಒಳಗೆ ಜೋಗುಳ ಬಂದದ್ದು ಹೇಗೆ?

ಪರ್ಕಳದಿಂದ ಮಾತಾಡ್ತಿದ್ದೇನೆ.

ನಮ್ಮೂರಿಗೆ ಮಣಿಪಾಲ ಅಂದ್ರೆ ಪಕ್ಕದ ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಅದು ಬೋಳು ಗುಡ್ಡವೇ ಆಗಿತ್ತು. ಇವತ್ತು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ದೂರದ ಊರುಗಳಿಂದಲೂ ಅಲ್ಲಿಗೆ ಕರ್ಕೊಂಡು ಬರ್ತಾರೆ. ಹಾಗಾಗಿ ಎನ್‌ಐಸಿಯು ಅನ್ನುವ ಪದ ನಮ್ಮ ಕಡೆ ಅಜ್ಜಿಯಂದಿರಿಗೂ ಗೊತ್ತುಂಟು. ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಮಗು ಒಳಗೆ, ಅಮ್ಮ ಹೊರಗೆ. ಆ ಬಾಗಿಲನ್ನು ಹಾಡು ದಾಟಿದ್ದು ಹೇಗೆ ಅನ್ನೋದೇ ಇವತ್ತಿನ ಕಥೆ.

ಮೊದಲು ಪ್ಯಾರಿಸ್‌ಗೆ ಹೋಗೋಣ. 1880ರ ಆಸುಪಾಸು. ಸ್ಟೆಫಾನ್ ಟಾರ್ನಿಯೇ ಅನ್ನುವ ಹೆರಿಗೆ ಡಾಕ್ಟರ್ ಅಲ್ಲಿನ ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ನೋಡ್ತಾರೆ. ಮಕ್ಕಳಿಗೂ ಇಂಥದ್ದೊಂದು ಯಾಕಿರಬಾರದು ಅಂತ ಮಾಡಿಸ್ತಾರೆ. ಇನ್‌ಕ್ಯುಬೇಟರ್ ಬಂದದ್ದು ಹೀಗೆ.

ಮುಂದೆ ಅಮೆರಿಕದಲ್ಲಿ ಮಾರ್ಟಿನ್ ಕೂನಿ ಅನ್ನುವವರು ಇದನ್ನೇ ಪ್ರದರ್ಶನ ಮಾಡಿದ್ರು. 1903ರಿಂದ 1943ರ ತನಕ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಮೋಜಿನ ಜಾಗದಲ್ಲಿ ಜನ 25 ಸೆಂಟ್ ಕೊಟ್ಟು ಪುಟಾಣಿ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡ್ತಿದ್ರು. ಕಾಮರ್ಸ್ ಓದಿದ ನನಗೆ ಇದರ ಲೆಕ್ಕವೇ ಆಶ್ಚರ್ಯ: ಖರ್ಚೆಲ್ಲ ಟಿಕೆಟ್ ದುಡ್ಡಲ್ಲಿ, ಅಪ್ಪ ಅಮ್ಮನಿಂದ ಒಂದು ಪೈಸೆ ಇಲ್ಲ. ಬಹಳಷ್ಟು ಆಸ್ಪತ್ರೆಗಳು ಕೈಬಿಟ್ಟಿದ್ದ ಸಾವಿರಾರು ಮಕ್ಕಳು ಬದುಕಿದವು.

ಆಮೇಲೆ ಆಸ್ಪತ್ರೆಗಳೇ ಈ ಕೆಲಸ ವಹಿಸಿಕೊಂಡವು. ಆದ್ರೆ ಸೋಂಕಿನ ಭಯ. 1970ರ ಆಸುಪಾಸಿನ ತನಕ ಪಶ್ಚಿಮದ ಎಷ್ಟೋ ಆಸ್ಪತ್ರೆಗಳಲ್ಲಿ ಹೆತ್ತವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಮಗುವಿಗೆ ಕೇಳ್ತಿದ್ದದ್ದು ಯಂತ್ರಗಳ ಬೀಪ್ ಬೀಪ್ ಮಾತ್ರ.

ಬಾಗಿಲು ತೆರೆದದ್ದು ಬಡತನದಿಂದ ಮಾರಾಯ್ರೆ! 1978–79ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ಮಗುವನ್ನು ಅಮ್ಮನ ಎದೆಗೇ ಒರಗಿಸಿ ಇಡಿಸಿದ್ರು. ಅದೇ ಕಾಂಗರೂ ಆರೈಕೆ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಅಮೆರಿಕದ ಸಂಶೋಧಕರು ಇನ್ನೊಂದು ವಿಷಯ ತೋರಿಸಿದ್ರು: ಹುಟ್ಟಿ ಮೂರು ದಿನ ತುಂಬದ ಮಗು ಕೂಡ ಬೇರೆ ಹೆಂಗಸಿನ ಸ್ವರಕ್ಕಿಂತ ತನ್ನ ಅಮ್ಮನ ಸ್ವರ ಕೇಳಲು ಹೆಚ್ಚು ಇಷ್ಟಪಡ್ತದೆ.

ಇನ್ನು ಹಾಡಿನ ವಿಷಯ. 2013ರಲ್ಲಿ ನ್ಯೂಯಾರ್ಕಿನ ಜೋಆನ್ ಲೋವಿ ತಂಡ 11 ಆಸ್ಪತ್ರೆಗಳ 272 ಮಕ್ಕಳ ಮೇಲಿನ ಅಧ್ಯಯನ ಪ್ರಕಟಿಸಿತು. ರೆಕಾರ್ಡಿಂಗ್ ಅಲ್ಲ, ಎದುರಿಗೇ ಹಾಡಿದ್ದು. ಅದೂ ಹೆತ್ತವರಿಗೆ ಆಪ್ತವಾದ ಹಾಡನ್ನೇ ಜೋಗುಳದ ಧಾಟಿಗೆ ಇಳಿಸಿ. ಮಕ್ಕಳ ಎದೆಬಡಿತ ಶಾಂತವಾಯ್ತು, ಹಾಲು ಚೀಪುವುದು, ನಿದ್ದೆ ಸುಧಾರಿಸಿತು, ಹೆತ್ತವರ ಆತಂಕವೂ ಇಳಿಯಿತು.

2019ರದ್ದು ನಮಗೆ ಹತ್ತಿರದ ಕಥೆ. ಸ್ವಿಟ್ಜರ್ಲೆಂಡಿನ ಜಿನೀವಾ ಆಸ್ಪತ್ರೆಯವರು ಆಂಡ್ರಿಯಾಸ್ ವೊಲೆನ್‌ವೈಡರ್ ಅನ್ನುವ ಸಂಗೀತಗಾರರಿಂದ ಇಂಥ ಮಕ್ಕಳಿಗಾಗಿಯೇ ಸಂಗೀತ ಮಾಡಿಸಿದ್ರು. ಮಕ್ಕಳು ಅತಿ ಹೆಚ್ಚು ಸ್ಪಂದಿಸಿದ ವಾದ್ಯ ಯಾವುದು ಗೊತ್ತುಂಟಾ? ನಮ್ಮ ಹಾವಾಡಿಗರ ಪುಂಗಿ!

ಹಾಗಂತ ಹಾಡಿದ್ರೆ ಎಲ್ಲ ಸರಿಹೋಗ್ತದೆ ಅಂತಲ್ಲ. 2022ರಲ್ಲಿ ಐದು ದೇಶಗಳ ದೊಡ್ಡ ಅಧ್ಯಯನವೊಂದು ತಾಯಿ-ಮಗುವಿನ ಬಾಂಧವ್ಯ ಅಳೆದಾಗ, ಸಂಗೀತ ಚಿಕಿತ್ಸೆ ಸಿಕ್ಕವರಿಗೂ ಸಿಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಡು ಔಷಧಿಗೆ ಬದಲಿ ಅಲ್ಲ.

ಆದ್ರೂ ಈ ಇತಿಹಾಸ ಓದಿ ನನಗನಿಸಿದ್ದು ಇಷ್ಟು: ಇಲ್ಲಿ ಮುಖ್ಯ ಪಾತ್ರ ಸಂಗೀತದ್ದಲ್ಲ, ಒಳಗೆ ಬಂದ ಅಮ್ಮನದ್ದು, ಅಪ್ಪನದ್ದು. ಹೊರಗಿನ ಬೆಂಚಲ್ಲಿ ಸುಮ್ಮನೆ ಕೂತಿದ್ದವರಿಗೆ ಮಗುವಿಗಾಗಿ ಮಾಡುವ ಒಂದು ಕೆಲಸ ಸಿಕ್ಕಿತು. ಭಾರತ ಸರ್ಕಾರ ಕೂಡ 2017ರಲ್ಲಿ ಮಾರ್ಗಸೂಚಿ ತಂದು, ನವಜಾತ ಶಿಶು ಘಟಕಗಳ ಆರೈಕೆಯಲ್ಲಿ ಕುಟುಂಬದವರನ್ನೂ ಸೇರಿಸಿಕೊಳ್ಳಿ ಅಂದಿದೆ.

ನಮಗೆ ಹಾಡಿಗೇನು ಬರ? ಪುರಂದರದಾಸರು ಯಶೋದೆಯ ಕೈಯಲ್ಲಿ ಕೃಷ್ಣನ ತೊಟ್ಟಿಲು ತೂಗಿಸಿದ ನಾಡು ಇದು. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕನ್ನಡವೋ, ಮಗುವಿಗೆ ಬೇಕಾದದ್ದು ಗೊತ್ತಿರುವ ಸ್ವರ.

ಕೊನೆಗೊಂದು ವಿನಂತಿ. ನಿಮ್ಮವರ ಮಗು ಎನ್‌ಐಸಿಯುನಲ್ಲಿದ್ರೆ ಫೋನಲ್ಲಿ ಹಾಡು ಹಾಕಿ ಇನ್‌ಕ್ಯುಬೇಟರ್ ಒಳಗೆ ಇಡಬೇಡಿ. ಅಲ್ಲಿ ಸದ್ದು 45 ಡೆಸಿಬೆಲ್ ದಾಟಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 1997ರಲ್ಲೇ ಹೇಳಿದೆ. ಗಟ್ಟಿ ಸದ್ದಿಗೆ ಆ ಪುಟ್ಟ ಜೀವ ಬೆಚ್ಚಿಬೀಳ್ತದೆ. ಬದಲಿಗೆ ಡಾಕ್ಟರ್ ಅಥವಾ ಸಿಸ್ಟರ್ ಹತ್ರ ಎರಡು ಪ್ರಶ್ನೆ ಕೇಳಿ: "ಮಗುವನ್ನು ಎದೆಗೆ ಒರಗಿಸಿಕೊಳ್ಳಬಹುದಾ? ಮೆಲ್ಲಗೆ ಹಾಡಬಹುದಾ?" ಹೂಂ ಅಂದ್ರೆ, ಸ್ವರ ಸರಿ ಉಂಟಾ ಇಲ್ವಾ ಅಂತ ನಾಚಿಕೆ ಬೇಡ, ಹಾಡಿ.