ನಾಲೆ ನೀರಿನ ಹಂಚಿಕೆಗೆ ಲೀನಿಯರ್ ಪ್ರೋಗ್ರಾಮಿಂಗ್

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ಕೃಷ್ಣರಾಜಸಾಗರದ ನೀರು ಹರಿಯುವುದು ವಿಶ್ವೇಶ್ವರಯ್ಯ ನಾಲೆಯ ಮೂಲಕ. ಮಳೆ ಕೈಕೊಟ್ಟು, ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ವರ್ಷ ಎಷ್ಟು ಭತ್ತ, ಎಷ್ಟು ರಾಗಿ ಎಂಬ ಪ್ರಶ್ನೆ ರೈತರನ್ನು ಕಾಡುತ್ತದೆ. ಮಿತ ಸಂಪನ್ಮೂಲದಿಂದ ಗರಿಷ್ಠ ಫಲ ಪಡೆಯುವ ಇಂತಹ ಲೆಕ್ಕಕ್ಕೆ ನೆರವಾಗುವ ಗಣಿತ ವಿಧಾನವೇ ಲೀನಿಯರ್ ಪ್ರೋಗ್ರಾಮಿಂಗ್.

ಹಿನ್ನೆಲೆ: ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಇದಕ್ಕೆ ಬುನಾದಿ ಹಾಕಿದರು. ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ರೂಪಿಸಿದರು. ಭಾರತೀಯ ಗಣಿತಜ್ಞ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೃಹತ್ ಲೆಕ್ಕಗಳಿಗೆ ಹೊಸ ಮಾರ್ಗ ತೋರಿದರು.

ಲೆಕ್ಕ ಹೇಗೆ?: 4 ಎಕರೆ ಜಮೀನು, 6 ಪಾಲು ನೀರು ಇದೆಯೆಂದು ಭಾವಿಸೋಣ. ಎಕರೆ ರಾಗಿಗೆ 1 ಪಾಲು ನೀರು, 10 ಸಾವಿರ ರೂ. ಲಾಭ, ಭತ್ತಕ್ಕೆ 3 ಪಾಲು, 20 ಸಾವಿರ ರೂ. ಲಾಭ ಎಂದಿರಲಿ. ಜಮೀನು ಮತ್ತು ನೀರಿನ ಮಿತಿಗಳನ್ನು ನಕ್ಷೆಯಲ್ಲಿ ಎರಡು ಸರಳರೇಖೆಗಳಾಗಿ ಎಳೆದರೆ, ಅವುಗಳೊಳಗಿನ ಪ್ರದೇಶದ ಯಾವುದಾದರೊಂದು ಮೂಲೆಯಲ್ಲಿ ಗರಿಷ್ಠ ಲಾಭ ದೊರೆಯುತ್ತದೆ. 4 ಎಕರೆಯೂ ರಾಗಿಯಾದರೆ 40 ಸಾವಿರ. 2 ಎಕರೆ ಭತ್ತ ಬೆಳೆದು ಉಳಿದದ್ದನ್ನು ಪಾಳು ಬಿಟ್ಟರೂ 40 ಸಾವಿರ. ಆದರೆ 3 ಎಕರೆ ರಾಗಿ, 1 ಎಕರೆ ಭತ್ತಕ್ಕೆ 50 ಸಾವಿರ.

ನೀರಿನ ಬೆಲೆ: ಇದೇ ಲೆಕ್ಕದಲ್ಲಿ ನೀರು 5 ಪಾಲಿಗಿಳಿದರೆ ಗರಿಷ್ಠ ಲಾಭ 45 ಸಾವಿರ. ಈ 5 ಸಾವಿರದ ವ್ಯತ್ಯಾಸವನ್ನು ಗಣಿತಜ್ಞರು 'ನೆರಳು ಬೆಲೆ' ಎನ್ನುತ್ತಾರೆ. ನಾಲೆಯ ಕೊನೆ ಭಾಗಕ್ಕೆ ತಲುಪದ ನೀರಿನಿಂದ ಅಲ್ಲಿನ ರೈತರಿಗೆ ಆಗುವ ನಷ್ಟವನ್ನು ಹೀಗೆ ಅಂಕಿಯಲ್ಲಿ ಹೇಳಬಹುದು.

ಮಿತಿ: ಬೆಳೆಯ ಧಾರಣೆ ಮುಂಚಿತವಾಗಿ ತಿಳಿಯದು. ಆದ್ದರಿಂದ ಬೇರೆ ಬೇರೆ ಧಾರಣೆಗೆ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಅಗತ್ಯ. ದ್ವಿತೀಯ ಪಿಯು ಗಣಿತದಲ್ಲಿ ಕಲಿಯುವ ನಕ್ಷಾ ವಿಧಾನವೇ ಇದಕ್ಕೆ ಸಾಕು.