ಬಿಟ್ಟಿ ಬೇರೆ, ಸ್ವತಂತ್ರ ಬೇರೆ: ಗಿಟ್ ಹುಟ್ಟಿದ ಕಥೆ



ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಿಮ್ಮಲ್ಲಿ ಅನೇಕರು ಇಂಥ ಸಾಲುಗಳನ್ನು ನೋಡಿರುತ್ತೀರಿ: ‘ಟ್ರಯಲ್ ಮುಗಿಯಲು 3 ದಿನ ಬಾಕಿ’, ‘ವಿದ್ಯಾರ್ಥಿಗಳಿಗೆ ಮಾತ್ರ ಉಚಿತ’. ಕೆಳಗೊಂದು ಮಾರುದ್ದದ ಕರಾರು. ನಾವು ಓದುವುದಿಲ್ಲ, ‘ಒಪ್ಪಿದೆ’ ಎಂದು ಒತ್ತಿ ಮುಂದೆ ಹೋಗುತ್ತೇವೆ. ಅಂಥದ್ದೊಂದು ಕರಾರು ಲಿನಕ್ಸ್ ಬರೆಯುವವರನ್ನೇ ಪೇಚಿಗೆ ಸಿಲುಕಿಸಿದ ಕಥೆ ಇದು. ಇದರ ಒಂದು ದೃಶ್ಯ ನಡೆದದ್ದು ನಮ್ಮ ಕ್ಯಾನ್‌ಬೆರಾದಲ್ಲೇ.

ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದರು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಜಗತ್ತಿನ ಮೂಲೆಮೂಲೆಯಿಂದ ತಿದ್ದುಪಡಿಗಳು ಇ-ಮೇಲ್‌ನಲ್ಲಿ ಬರುತ್ತಿದ್ದವು. ಅವನ್ನು ಸೇರಿಸಿ ಸೇರಿಸಿ ಲಿನಸ್‌ಗೆ ಸಾಕಾಗಿಹೋಯಿತು. 2002ರಲ್ಲಿ ಅವರು ‘ಬಿಟ್‌ಕೀಪರ್’ ಎಂಬ ಸಾಧನ ಬಳಸತೊಡಗಿದರು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬ ಲೆಕ್ಕವನ್ನೆಲ್ಲ ಅದು ಇಡುತ್ತಿತ್ತು.

ಬಿಟ್‌ಕೀಪರ್ ಲ್ಯಾರಿ ಮೆಕ್‌ವಾಯ್ ಅವರ ಕಂಪನಿಯದು. ವ್ಯಾಪಾರಿ ಸಂಸ್ಥೆಗಳು ದುಡ್ಡು ಕೊಡಬೇಕು, ಲಿನಕ್ಸ್‌ನಂಥ ಮುಕ್ತ ಯೋಜನೆಗಳಿಗೆ ಉಚಿತ. ಆದರೆ ಷರತ್ತು ಇತ್ತು: ಉಚಿತವಾಗಿ ಬಳಸುವವರು ಇದಕ್ಕೆ ಪೈಪೋಟಿ ಕೊಡುವ ಸಾಧನ ಕಟ್ಟಬಾರದು. ಕೆಲವರು ಆಗಲೇ ಎಚ್ಚರಿಸಿದರು. ಕೆಲಸ ಸಲೀಸಾಗಿ ನಡೆಯುತ್ತಿದ್ದುದರಿಂದ ಲಿನಸ್ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಬಂದವರು ಕ್ಯಾನ್‌ಬೆರಾದ ಆಂಡ್ರ್ಯೂ ಟ್ರಿಜೆಲ್, ‘ಸಾಂಬಾ’ ಎಂಬ ಪ್ರಸಿದ್ಧ ಸಾಫ್ಟ್‌ವೇರ್ ಬರೆದವರು. ಬಿಟ್‌ಕೀಪರ್ ಸರ್ವರ್ ಜೊತೆ ಮಾತಾಡಬಲ್ಲ ಸ್ವತಂತ್ರ ಪ್ರೋಗ್ರಾಂ ಬರೆಯಲು ಅವರು ಹೊರಟರು. ಅವರು ಬಿಟ್‌ಕೀಪರ್ ಬಳಸಿರಲಿಲ್ಲ, ಹಾಗಾಗಿ ಅದರ ಕರಾರನ್ನು ಒಪ್ಪಿಯೂ ಇರಲಿಲ್ಲ. ಆದರೂ ಮೆಕ್‌ವಾಯ್ ಸಿಟ್ಟಾದರು. 2005ರ ಏಪ್ರಿಲ್‌ನಲ್ಲಿ ಕಂಪನಿ ಉಚಿತ ಆವೃತ್ತಿಯನ್ನು ನಿಲ್ಲಿಸುವುದಾಗಿ ಸಾರಿತು. ಲಿನಸ್ ಕೂಡ ಮೊದಲು ಟ್ರಿಜೆಲ್ ಮೇಲೆಯೇ ರೇಗಿದರು!

ಅದೇ ತಿಂಗಳು ಕ್ಯಾನ್‌ಬೆರಾದ ಲಿನಕ್ಸ್ ಸಮ್ಮೇಳನದಲ್ಲಿ ಟ್ರಿಜೆಲ್ ತಾವು ಮಾಡಿದ್ದನ್ನು ತೋರಿಸಿದರು. ಸರ್ವರ್‌ಗೆ ಸಂಪರ್ಕ ಕೊಟ್ಟು ‘ಹೆಲ್ಪ್’ ಎಂದು ಟೈಪ್ ಮಾಡಿದರು. ಯಾವ ಯಾವ ಆಜ್ಞೆಗಳಿವೆ ಎಂದು ಸರ್ವರ್ ತಾನೇ ಪಟ್ಟಿ ಕೊಟ್ಟಿತು. ಸಭೆಯಲ್ಲಿ ನಗುವೋ ನಗು.

ಮೆಕ್‌ವಾಯ್ ಖಳನಾಯಕರೇನಲ್ಲ. ಅವರಿಗೂ ಸಂಬಳ ಕೊಡಬೇಕಾದ ನೌಕರರಿದ್ದರು. ಮೂರು ವರ್ಷ ಉಚಿತವಾಗಿ ಕೊಟ್ಟು ಕೊನೆಗೆ ಬೈಸಿಕೊಂಡರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅವರಿಗೆ ಹಾಗೇ ಅನ್ನಿಸಿರಬೇಕು.

ಲಿನಸ್ ಏಪ್ರಿಲ್ 3ರಂದು ತಾವೇ ಹೊಸ ಸಾಧನ ಬರೆಯಲು ಕುಳಿತರು. 7ನೇ ತಾರೀಖಿಗೆಲ್ಲ ಆ ಸಾಧನ ತನ್ನದೇ ಕೋಡಿನ ಲೆಕ್ಕ ಇಡುತ್ತಿತ್ತು. ಅದೇ ಗಿಟ್. ಜೂನ್‌ನಲ್ಲಿ ಬಂದ ಲಿನಕ್ಸ್ 2.6.12 ತಯಾರಾದದ್ದು ಗಿಟ್ ಮೇಲೆ. ಮ್ಯಾಟ್ ಮ್ಯಾಕಾಲ್ ಎಂಬವರ ‘ಮರ್ಕ್ಯೂರಿಯಲ್’ ಹುಟ್ಟಿದ್ದೂ ಅದೇ ಏಪ್ರಿಲ್‌ನಲ್ಲಿ, ಇದೇ ಕಾರಣಕ್ಕೆ. ಬಿಟ್‌ಕೀಪರ್ ಕೂಡ 2016ರಲ್ಲಿ ಮುಕ್ತವಾಯಿತು. ಅಷ್ಟರಲ್ಲಿ ಪ್ರಪಂಚವೆಲ್ಲ ಗಿಟ್ ಹಿಡಿದಾಗಿತ್ತು.

ಇಂಗ್ಲಿಷಿನ ‘ಫ್ರೀ’ಯಲ್ಲಿ ಎರಡು ಅರ್ಥ ಕಲಸಿಕೊಂಡಿವೆ. ಕನ್ನಡದಲ್ಲಿ ಆ ಗೊಂದಲವಿಲ್ಲ. ಬಿಟ್ಟಿ ಬೇರೆ, ಸ್ವತಂತ್ರ ಬೇರೆ. ಬಿಟ್‌ಕೀಪರ್ ಬಿಟ್ಟಿ ಸಿಕ್ಕಿತ್ತು, ಕೊಟ್ಟವರು ವಾಪಸ್ ಕೇಳಬಹುದಿತ್ತು. ಗಿಟ್ ಸ್ವತಂತ್ರ, ಅದನ್ನು ಲಿನಸ್ ಕೂಡ ನಿಮ್ಮಿಂದ ಕಸಿದುಕೊಳ್ಳಲಾರರು.

ಮುಂದಿನ ಸಲ ‘ಒಪ್ಪಿದೆ’ ಒತ್ತುವ ಮುಂಚೆ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಇದು ಎಷ್ಟು ದಿನ ನನ್ನದು? ಏನು ಮಾಡಬಾರದು ಅಂತ ಬರೆದಿದೆ? ನಾಳೆ ಇದು ನಿಂತುಹೋದರೆ ನನ್ನ ಕೆಲಸ ನನ್ನ ಕೈಯಲ್ಲಿ ಉಳಿಯುತ್ತದೆಯೇ? ಮೂರಕ್ಕೂ ಉತ್ತರ ಗೊತ್ತಿದ್ದರೆ ಧೈರ್ಯವಾಗಿ ಒತ್ತಿ.